ನೀರು ಏರುವ ಹೊತ್ತಿಗೆ: ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಅಘನಾಶಿನಿ ಅಳಿವೆಗೆ ಮೊದಲ ಬಾರಿ ಹಕ್ಕಿ ನೋಡಲು ಹೋಗಿ ಬಂದವರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: ಬೆಳಕು ಹರಿಯುವ ಮುಂಚೆಯೇ ಹೋಗಿದ್ದೆವು, ಕಣ್ಣು ಹಾಯುವವರೆಗೂ ಕೆಸರು, ದೂರದಲ್ಲಿ ಸಾಸಿವೆ ಚೆಲ್ಲಿದಂತೆ ಏನೋ ಓಡಾಡುತ್ತಿದ್ದವು, ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರ ದುರ್ಬೀನಿನಲ್ಲಿ ದೋಷವಿರುವುದಿಲ್ಲ, ಹೋದ ಹೊತ್ತಿನಲ್ಲಿ ಇರುತ್ತದೆ. ಕಾಡಿನ ಹಕ್ಕಿಗೆ ಸೂರ್ಯೋದಯವೇ ಹೊತ್ತು. ಅಳಿವೆಯ ಹಕ್ಕಿ ಯಾವಾಗ ಉಣ್ಣಬೇಕು, ಯಾವಾಗ ಒಂಟಿಕಾಲಿನಲ್ಲಿ ನಿಂತು ನಿದ್ದೆ ಮಾಡಬೇಕು ಎಂಬುದನ್ನು ನೀರು ಗೊತ್ತುಮಾಡುತ್ತದೆ. ನಡುರಾತ್ರಿ ಇಳಿತವಾದರೆ ಅದು ನಡುರಾತ್ರಿಯೇ ಉಣ್ಣುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮೊದಲು ನೀರಿನ ಲೆಕ್ಕ ಹೇಳುತ್ತೇನೆ, ಹಕ್ಕಿಯ ಹೆಸರುಗಳು ಆಮೇಲೆ.

ಮೊದಲು ಜಾಗದ ಪರಿಚಯ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಹರಿದು ಬರುವ ಅಘನಾಶಿನಿ, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ಸೇರುವ ಮುಂಚೆ ಅಗಲವಾಗಿ ಹರಡಿಕೊಂಡು ಕೋಡಿಗಳನ್ನು (ಉಬ್ಬರದ ನೀರು ಹರಿದಾಡುವ ಕಾಲುವೆಗಳು), ಕೆಸರು ಬಯಲುಗಳನ್ನು, ಕಾಂಡ್ಲಾ (ಮ್ಯಾಂಗ್ರೋವ್) ಪೊದೆಗಳನ್ನು ಮಾಡಿಕೊಂಡಿದೆ. ಉಪ್ಪುಜವುಗು ಎಂದಾಗ ಯುರೋಪಿನ ಚಿತ್ರಗಳಲ್ಲಿ ಕಾಣುವ ಹಸಿರು ಹುಲ್ಲುಗಾವಲನ್ನು ಇಲ್ಲಿ ಹುಡುಕಬೇಡಿ. ನಮ್ಮ ಜವುಗಿನಲ್ಲಿ ಮುಳ್ಳೆಲೆಯ ಹೊಳೆಚುಳ್ಳಿ ಇದೆ, ಗೋಳಿಸೊಪ್ಪಿನಂಥ ದಪ್ಪ ಎಲೆಯ ಸೆಸುವಿಯಂ ಬಳ್ಳಿ ಇದೆ, ಕಾಂಡ್ಲಾ ಇದೆ, ಅದರ ಪಕ್ಕದಲ್ಲೇ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ, ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. 2024ರ ಜನವರಿ 31ರಂದು ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು ಘೋಷಣೆಯಾಯಿತು. ಆಗ ಕೊಟ್ಟ ವಿವರದಲ್ಲಿ 66 ಜಾತಿಯ ನೀರುಹಕ್ಕಿಗಳು, 43,000ಕ್ಕೂ ಹೆಚ್ಚಿನ ಎಣಿಕೆ ಎಂದಿತ್ತು. ಅದೇ ವಿವರದಲ್ಲಿ ಇನ್ನೊಂದು ಲೆಕ್ಕವೂ ಇತ್ತು, ಅದನ್ನು ಹಕ್ಕಿ ನೋಡುವವರು ಮರೆಯಬಾರದು: ಮೀನು, ಬೆಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ), ಏಡಿ, ಸಿಗಡಿ, ಗಜನಿ, ಉಪ್ಪು ಎಲ್ಲ ಸೇರಿ 6,000ದಿಂದ 7,500 ಕುಟುಂಬಗಳು ಈ ನೀರಿನಿಂದ ಬದುಕುತ್ತಿವೆ.

ಹೆಜ್ಜೆ 1: ಪಂಚಾಂಗ ತೆಗೆಯಿರಿ

ಮೊಬೈಲಿನಲ್ಲಿ ಉಬ್ಬರ-ಇಳಿತದ ಸಮಯ ತೋರಿಸುವ ಆ್ಯಪ್‌ಗಳಿವೆ. ಅವುಗಳಲ್ಲಿ ಕಾರವಾರ ಬಂದರನ್ನು ಆರಿಸಿಕೊಳ್ಳಿ. ಆದರೆ ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೂ ಸಾಕು, ಮೀನುಗಾರರು ತಲೆಮಾರುಗಳಿಂದ ಮಾಡುತ್ತಿರುವ ಲೆಕ್ಕ ಅದೇ.

ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನ ಇಲ್ಲಿ ಉಬ್ಬರದ ತುದಿ ಸುಮಾರು ಬೆಳಗ್ಗೆ 10:30ರಿಂದ 12ರ ನಡುವೆ ಬರುತ್ತದೆ. ಇಳಿತದ ತಳ ಬೆಳಗಿನ ಜಾವ ಐದರ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಒಂದು ಸೂತ್ರದಿಂದ ತಿಂಗಳಿಡೀ ಲೆಕ್ಕ ಹಾಕಬಹುದು. ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ತದಿಗೆಯವರೆಗಿನ ನಾಲ್ಕು ದಿನಗಳು ನನ್ನ ಪ್ರಕಾರ ಅತ್ಯುತ್ತಮ. ಸೂರ್ಯ ಮೇಲೆ ಬರುವ ಹೊತ್ತಿಗೇ ನೀರೂ ಏರತೊಡಗುತ್ತದೆ, ಬೆಳಕು ಎಳೆಯದಾಗಿರುತ್ತದೆ, ಬಿಸಿಲಿನ ಝಳ ಇನ್ನೂ ಎದ್ದಿರುವುದಿಲ್ಲ. ಅಷ್ಟಮಿಯ ಸುತ್ತ ಬೆಳಗ್ಗೆಯೆಲ್ಲ ನೀರು ಇಳಿಯುತ್ತಲೇ ಇರುತ್ತದೆ, ಉಬ್ಬರಕ್ಕೆ ಬಲವೂ ಕಡಿಮೆ. ಆ ದಿನಗಳಲ್ಲಿ ಹಕ್ಕಿಗಳು ನಿಮ್ಮಿಂದ ದೂರ ದೂರ ಸರಿಯುತ್ತವೆ. ದಶಮಿಯಿಂದ ತ್ರಯೋದಶಿಯವರೆಗೆ ಉಬ್ಬರದ ತುದಿ ಬೆಳಗ್ಗೆ ಏಳರಿಂದ ಒಂಬತ್ತರ ಸುಮಾರಿಗೆ. ಆಗ ಕೆಸರು ಬಯಲಿಗೆ ಹೋಗುವುದು ವ್ಯರ್ಥ, ಹಕ್ಕಿಗಳು ವಿಶ್ರಮಿಸುವ ಜಾಗಗಳಿಗೆ ಹೋಗಬೇಕು. ಅದರ ವಿಷಯ ಮುಂದೆ ಹೇಳುತ್ತೇನೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಏರಿಕೆಗೆ ಹಿಡಿಯುವ ಆರು ಗಂಟೆಗಳನ್ನು ಭಾಗ ಮಾಡಿದರೆ ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು ಪಾಲು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ಏರಿಬಿಡುತ್ತದೆ. ಹುಣ್ಣಿಮೆಯ ಉಬ್ಬರಕ್ಕೂ ಇಳಿತಕ್ಕೂ ಇರುವ ಎತ್ತರದ ವ್ಯತ್ಯಾಸ ನಮ್ಮಲ್ಲಿ ಎರಡು ಮೀಟರಿನ ಸಮೀಪ. ಗುಜರಾತಿನ ಕೊಲ್ಲಿಗಳಿಗೆ ಹೋಲಿಸಿದರೆ ಇದು ಸಣ್ಣದು, ಆದರೆ ಕೆಸರು ಬಯಲು ತಟ್ಟೆಯಂತೆ ಸಪಾಟಾಗಿರುವುದರಿಂದ ಒಂದು ಗೇಣು ನೀರು ಏರಿದರೂ ಬಹಳ ದೂರ ಮುಚ್ಚಿಹೋಗುತ್ತದೆ. ಆ ಎರಡು ಗಂಟೆಗಳೇ ನಿಮ್ಮವು. ಅಲ್ಲಿಯವರೆಗೆ ಅರ್ಧ ಕಿಲೋಮೀಟರ್ ಆಚೆ ಉಣ್ಣುತ್ತಿದ್ದ ಹಕ್ಕಿಗಳು ನೀರಿನ ಅಂಚಿನೊಂದಿಗೇ ಹೆಜ್ಜೆಹೆಜ್ಜೆಯಾಗಿ ನಿಮ್ಮತ್ತ ಬರುತ್ತವೆ. ನೀವು ಅಲುಗಾಡದೆ ಕುಳಿತಿದ್ದರೆ ಸಾಕು.

ಇನ್ನೊಂದು ಎಚ್ಚರಿಕೆ: ಆ್ಯಪ್ ತೋರಿಸುವ ಸಮಯ ಸಮುದ್ರದ್ದು. ಅಳಿವೆಯ ಬಾಯಿಂದ ಒಳಗಿನ ಕೋಡಿಗಳಿಗೆ ನೀರು ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಎರಡು ಬೆಳಗು ಒಂದೇ ಜಾಗದಲ್ಲಿ ಕುಳಿತು, ನೀರು ಒಂದು ಗುರುತಿನ ಕಲ್ಲನ್ನು ಮುಟ್ಟಿದ ಸಮಯ ಬರೆದಿಟ್ಟುಕೊಂಡರೆ ನಿಮ್ಮ ಜಾಗದ ಲೆಕ್ಕ ನಿಮಗೆ ಸಿಗುತ್ತದೆ.

ಹೆಜ್ಜೆ 2: ತಿಂಗಳು ಆರಿಸಿ

ವಲಸೆ ಹಕ್ಕಿಗಳು ಆಗಸ್ಟ್ ಕೊನೆಯಿಂದಲೇ ಇಳಿಯತೊಡಗುತ್ತವೆ, ಏಪ್ರಿಲ್‌ವರೆಗೂ ಇರುತ್ತವೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿರುತ್ತದೆ, ಗಜನಿಯಲ್ಲಿ ಕಗ್ಗ ನಿಂತಿರುತ್ತದೆ, ಆಗ ಬರಬೇಡಿ. ಕೊಯ್ಲು ಮುಗಿದ ಮೇಲೆ ಗಜನಿಗೆ ಉಪ್ಪುನೀರು ಬಿಡುತ್ತಾರೆ. ಭತ್ತದ ಕೂಳೆ ಕೊಳೆತು ಮೀನು-ಸಿಗಡಿಗೆ ಮೇವಾಗುತ್ತದೆ, ಮೀನು-ಸಿಗಡಿ ಬಂದಲ್ಲಿಗೆ ಬೆಳ್ಳಕ್ಕಿಗಳು ಬರುತ್ತವೆ. ನವೆಂಬರಿನಿಂದ ಫೆಬ್ರವರಿ ತುಂಬಿದ ಕಾಲ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಲ್ಲಿ ಆರಂಭವಾದ ಈ ಗಣತಿಯಲ್ಲಿ ಯಾರು ಬೇಕಾದರೂ ಸೇರಿಕೊಳ್ಳಬಹುದು, ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ನನಗೆ ಅಚ್ಚುಮೆಚ್ಚು ಏಪ್ರಿಲ್ ಮೊದಲ ವಾರಗಳು. ಸೆಖೆ ವಿಪರೀತ, ಆದರೆ ಚಳಿಗಾಲವಿಡೀ ಕೆಸರಿನ ಬಣ್ಣದಲ್ಲಿದ್ದ ಹಕ್ಕಿಗಳು ಹೊರಡುವ ಮುನ್ನ ಬಣ್ಣ ಬದಲಿಸುತ್ತವೆ (ಇಲ್ಲಿ ಬರುವ ಹೆಸರುಗಳ ಗುರುತು ಹೆಜ್ಜೆ 5ರಲ್ಲಿದೆ). ಸ್ಯಾಂಡ್ ಪ್ಲೋವರ್‌ಗಳ ಎದೆಗೆ ಇಟ್ಟಿಗೆಯ ಕೆಂಪು ಏರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಮುಖದಿಂದ ಹೊಟ್ಟೆಯವರೆಗೂ ಕೆಂಪಾಗುತ್ತದೆ. ಗ್ರೇ ಪ್ಲೋವರ್‌ನ ಹೊಟ್ಟೆ ಕಾಡಿಗೆ ಬಳಿದಂತೆ ಕಪ್ಪಾಗುತ್ತದೆ. ಅವು ಸೈಬೀರಿಯಾದ ತುಂಡ್ರಾಕ್ಕೆ, ಟಿಬೆಟ್ಟಿನ ಪ್ರಸ್ಥಭೂಮಿಗೆ ಹೊರಟ ಉಡುಗೆ ಅದು. ಕುಮಟಾದ ಕೆಸರಿನಲ್ಲಿ ನಿಂತು ಅದನ್ನು ನೋಡಿದ ದಿನ ನನ್ನ ಮನೆಯ ಮುಂದಿನ ಹೊಳೆ ಎಷ್ಟು ದೂರದವರ ಮನೆಯೂ ಹೌದೆಂದು ತಿಳಿಯಿತು.

ಹೆಜ್ಜೆ 3: ಸಾಮಾನು

8x42 ದುರ್ಬೀನು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು. ಮುಕ್ಕಾಲಿಯ ಮೇಲಿಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಇದ್ದರೆ ಅಳಿವೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ, ಇಲ್ಲವಾದರೆ ನಾಲ್ವರು ಸೇರಿ ಒಂದನ್ನು ಹಂಚಿಕೊಳ್ಳಿ. ಮೊಬೈಲಿಗೊಂದು ನೀರು ನುಗ್ಗದ ಚೀಲ, ಅಗಲ ಅಂಚಿನ ಟೊಪ್ಪಿ, ಎರಡು ಲೀಟರ್ ನೀರು, ಪುಸ್ತಕ ಮತ್ತು ಪೆನ್ಸಿಲ್ ಬೇಕು. ಪೆನ್ನು ಬೇಡ, ಒದ್ದೆಯಾದರೆ ಅಕ್ಷರ ಹರಡುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಳ್ಳಿ, ಬರಿಗಾಲು ಬೇಡವೇ ಬೇಡ. ಕೆಸರಿನಲ್ಲಿ ಹುದುಗಿರುವ ಸಿಂಪಿಗಳ ಅಂಚು ಬ್ಲೇಡಿನಂತಿರುತ್ತದೆ. ಮನೆಗೆ ಬಂದ ಮೇಲೆ ದುರ್ಬೀನಿನ ಹೊರಮೈಯನ್ನು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಉಪ್ಪುಗಾಳಿ ಅದನ್ನು ತಿನ್ನುತ್ತದೆ.

ಹೆಜ್ಜೆ 4: ಎಲ್ಲಿ ನಿಲ್ಲಬೇಕು

ಬೆಳಗ್ಗೆ ಸೂರ್ಯ ಬೆನ್ನಿಗಿರಬೇಕು. ಹಾಗಾಗಿ ಕೆಸರು ಬಯಲಿನ ಪೂರ್ವದ ದಂಡೆ ಬೆಳಗಿಗೆ, ಪಶ್ಚಿಮದ ದಂಡೆ ಸಂಜೆಗೆ. ಎದುರುಬೆಳಕಿನಲ್ಲಿ ಎಲ್ಲ ಹಕ್ಕಿಗಳೂ ಕರಿ ನೆರಳುಗಳೇ. ಹೆಗಡೆ, ಮಸೂರು-ಲುಕ್ಕೇರಿ, ಮಿರ್ಜಾನ, ತದಡಿ, ಕಾಗಾಲ ಹೀಗೆ ಅಳಿವೆಯ ಸುತ್ತಲೂ ಊರುಗಳಿವೆ, ಎಲ್ಲ ಕಡೆಯಿಂದಲೂ ನೀರಿಗೆ ದಾರಿಯಿದೆ. ತದಡಿಯಿಂದ ಅಘನಾಶಿನಿ ಊರಿಗೆ ದಾಟಿಸುವ ದೋಣಿಯಲ್ಲಿ ಹೋದರೆ ಅಳಿವೆಯ ಬಾಯಿಯ ಮರಳದಿಣ್ಣೆಗಳ ಮೇಲಿನ ಕಡಲಕ್ಕಿ (ಗಲ್) ಮತ್ತು ರೀವಗಳ (ಟರ್ನ್) ಗುಂಪುಗಳು ಕಾಣುತ್ತವೆ.

ಗಜನಿಯ ಕಟ್ಟಿನ ಮೇಲೆ ನಡೆಯುವುದು ಅನುಕೂಲ, ಆದರೆ ಕಟ್ಟು ಊರಿನವರದು. ಸಿಗಡಿ ಬಿಟ್ಟಿರುವ ಕಡೆ ಕಾವಲಿನವರಿರುತ್ತಾರೆ. "ಅಣ್ಣಾ, ಹಕ್ಕಿ ನೋಡಲು ಬಂದಿದ್ದೇವೆ, ಈ ಕಟ್ಟಿನ ಮೇಲೆ ಹೋಗಬಹುದೇ?" ಎಂದು ಕೇಳಿ. ಬೇಡವೆಂದರೆ ಹಿಂದಿರುಗಿ. ಹೌದೆಂದರೆ ಅವರೇ ನಿಮ್ಮ ಮೊದಲ ಗುರು, ಯಾವ ತೂಬಿನ ಬಾಗಿಲು ಇಂದು ತೆರೆದಿದೆ, ಯಾವ ಗಜನಿಯ ನೀರು ಬಸಿದಿದೆ ಎಂದು ಅವರಿಗೆ ಗೊತ್ತು. ಕಟ್ಟಿನ ಒಳಗಿನ ನೀರು ಚಂದ್ರನ ಮಾತು ಪೂರ್ತಿ ಕೇಳುವುದಿಲ್ಲ, ತೂಬಿನ ಮಾತು ಕೇಳುತ್ತದೆ. ಬಸಿದ ಗಜನಿ ಸಿಕ್ಕಿದ ದಿನ ಹೊರಗೆ ತುಂಬು ಉಬ್ಬರವಿದ್ದರೂ ಒಳಗೆ ನೂರಾರು ಹಕ್ಕಿಗಳು ಉಣ್ಣುತ್ತಿರುತ್ತವೆ.

ಕೆಸರಿನೊಳಗೆ ಮಾತ್ರ ಇಳಿಯಬೇಡಿ. ಒಮ್ಮೆ ನಾನು ಕಟ್ಟಿನಿಂದ ಇಳಿದು ಒಂದು ಮರಳುದಿಬ್ಬದ ತುದಿಯವರೆಗೆ ನಡೆದು ಹೋಗಿದ್ದೆ. ಎದುರಿನ ನೀರನ್ನೇ ನೋಡುತ್ತಾ ಕುಳಿತಿದ್ದಾಗ ಬೆಳಚು ಆರಿಸುತ್ತಿದ್ದ ಅಕ್ಕ ಒಬ್ಬರು ಕೂಗಿದರು: "ತಮ್ಮಾ, ಹಿಂದೆ ನೋಡು, ಕೋಡಿ ತುಂಬಿತು!" ಬರುವಾಗ ಪಾದ ಮುಳುಗದಷ್ಟಿದ್ದ ಕೋಡಿ ಸೊಂಟದ ಮಟ್ಟ ದಾಟಿತ್ತು. ಅವರು ತಾವು ನಿಂತಿದ್ದ ಗಟ್ಟಿ ನೆಲದ ಗುರುತು ತೋರಿಸಿ ದಾಟಿಸಿದರು. ಉಬ್ಬರ ಎದುರಿನಿಂದ ಮಾತ್ರ ಬರುವುದಿಲ್ಲ, ಮೊದಲು ಕೋಡಿಗಳಲ್ಲಿ ನುಗ್ಗಿ ಬೆನ್ನ ಹಿಂದೆ ತುಂಬುತ್ತದೆ.

ಹೆಜ್ಜೆ 5: ಹೆಸರಿಗೆ ಮುಂಚೆ ಊಟ ನೋಡಿ

ಕೆಸರಿನ ಹಕ್ಕಿಗಳು ಚಳಿಗಾಲದಲ್ಲಿ ಒಂದೇ ಬಣ್ಣ. ಗರಿಯಲ್ಲಿ ಗುರುತು ಹುಡುಕುತ್ತಾ ಹೋದರೆ ಹೊಸಬರು ಸೋತುಹೋಗುತ್ತಾರೆ. ಮೂರು ಪ್ರಶ್ನೆ ಕೇಳಿಕೊಳ್ಳಿ: ಹೇಗೆ ಉಣ್ಣುತ್ತಿದೆ? ಕೊಕ್ಕು ತಲೆಗಿಂತ ಉದ್ದವೇ, ಗಿಡ್ಡವೇ, ಯಾವ ಕಡೆಗೆ ಬಾಗಿದೆ? ಕಾಲಿನ ಬಣ್ಣ ಯಾವುದು?

ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಒಮ್ಮೆ ಕುಕ್ಕಿ, ಮತ್ತೆ ಓಡುವುದು ಪ್ಲೋವರ್. ಅದಕ್ಕೆ ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಕೆಸರಿನ ಮೇಲ್ಮೈಯಲ್ಲಿ ಹುಳು ಅಲುಗಿದ್ದನ್ನು ಕಣ್ಣಿನಿಂದಲೇ ಹಿಡಿಯುತ್ತದೆ. ಗುಬ್ಬಿಗಿಂತ ತುಸು ದೊಡ್ಡದು, ಕುತ್ತಿಗೆಯ ಸುತ್ತ ಪೂರ್ತಿ ಬಿಳಿ ಪಟ್ಟಿ ಇದ್ದರೆ ಕೆಂಟಿಷ್ ಪ್ಲೋವರ್. ಬಿಳಿ ಪಟ್ಟಿಯಿಲ್ಲದೆ ಎದೆಯ ಎರಡು ಬದಿಗೆ ಕಂದು ಮಚ್ಚೆ ಇದ್ದರೆ ಸ್ಯಾಂಡ್ ಪ್ಲೋವರ್. ಇವುಗಳಲ್ಲಿ ಚಿಕ್ಕದು, ದೊಡ್ಡದು ಎಂಬ ಭೇದವಿದೆ, ಚಿಕ್ಕದನ್ನೇ ಈಗ ಟಿಬೆಟನ್ ಮತ್ತು ಸೈಬೀರಿಯನ್ ಎಂದು ಎರಡು ಜಾತಿ ಮಾಡಿದ್ದಾರೆ. ಮೊದಲ ವರ್ಷ ಅದರ ಗೊಡವೆ ಬೇಡ, "ಸ್ಯಾಂಡ್ ಪ್ಲೋವರ್" ಎಂದಷ್ಟೇ ಬರೆಯಿರಿ. ತಿಳಿಯದ್ದನ್ನು ತಿಳಿದಂತೆ ಬರೆದ ದಾಖಲೆ, ಬರೆಯದ ದಾಖಲೆಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಪಾರಿವಾಳದಷ್ಟು ದೊಡ್ಡದು, ಬೂದುಬಣ್ಣ, ಹಾರುವಾಗ ರೆಕ್ಕೆಯ ಕಂಕುಳಲ್ಲಿ ಕಪ್ಪು ಮಚ್ಚೆ ಕಂಡರೆ ಗ್ರೇ ಪ್ಲೋವರ್.

ನಿಲ್ಲದೆ ನಡೆಯುತ್ತಾ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಾ ಹೋಗುವವು ಗೊರವಗಳ (ಸ್ಯಾಂಡ್‌ಪೈಪರ್) ಬಳಗ. ಕೊಕ್ಕಿನ ತುದಿಯಲ್ಲಿರುವ ನರಗಳಿಂದ ಕೆಸರಿನೊಳಗಿನ ಹುಳುವನ್ನು ಮುಟ್ಟಿ ತಿಳಿಯುತ್ತವೆ, ಹಾಗಾಗಿ ಕಣ್ಣು ಸಣ್ಣದು, ಕೊಕ್ಕು ಉದ್ದ. ಇವುಗಳಲ್ಲಿ ಮೊದಲು ಕಲಿಯಬೇಕಾದದ್ದು ಕಿತ್ತಳೆಗೆಂಪು ಕಾಲಿನ ರೆಡ್‌ಶ್ಯಾಂಕ್. ಹಾರಿದರೆ ರೆಕ್ಕೆಯ ಹಿಂದಿನ ಅಂಚು ಬೆಳ್ಳಗೆ ಹೊಳೆಯುತ್ತದೆ. ಅಳಿವೆಯ ಕಾವಲುಗಾರ ಅದು, ನಿಮ್ಮನ್ನು ಎಲ್ಲರಿಗಿಂತ ಮೊದಲು ಕಂಡು ಕೂಗಿ ಮಿಕ್ಕವರನ್ನೂ ಎಬ್ಬಿಸುತ್ತದೆ. ಹಸಿರುಗಾಲು, ತುಸು ಮೇಲಕ್ಕೆ ಬಾಗಿದ ದಪ್ಪ ಕೊಕ್ಕು, ಮೂರು ಬಾರಿ "ಟ್ಯೂ-ಟ್ಯೂ-ಟ್ಯೂ" ಎಂಬ ಕೂಗು ಗ್ರೀನ್‌ಶ್ಯಾಂಕ್‌ನದು. ಅದೇ ಆಕಾರ, ಆದರೆ ಸೂಜಿಯಂಥ ಕೊಕ್ಕಾದರೆ ಮಾರ್ಷ್ ಸ್ಯಾಂಡ್‌ಪೈಪರ್. ಗಿಡ್ಡ ಹಳದಿ ಕಾಲುಗಳಲ್ಲಿ ಏಡಿಯ ಹಿಂದೆ ಹುಚ್ಚೆದ್ದು ಓಡುವ, ಕೊಕ್ಕು ಮೇಲಕ್ಕೆ ಬಾಗಿದ ಹಕ್ಕಿ ಕಂಡರೆ ಅದು ಟೆರೆಕ್ ಸ್ಯಾಂಡ್‌ಪೈಪರ್, ಅದರ ಓಟ ನೋಡಿದ ಮೇಲೆ ಪುಸ್ತಕ ತೆರೆಯಬೇಕಾಗಿಲ್ಲ. ಒಂಟಿಯಾಗಿ ಕಲ್ಲಿನ ಮೇಲೆ ಕುಳಿತು ಬಾಲ ಕುಣಿಸುತ್ತಿರುವುದು ಕಾಮನ್ ಸ್ಯಾಂಡ್‌ಪೈಪರ್, ಭುಜದ ಮುಂದೆ ಬಿಳಿ ತ್ರಿಕೋನ ನೋಡಿ.

ಕೆಳಕ್ಕೆ ಬಾಗಿದ ಬಹಳ ಉದ್ದದ ಕೊಕ್ಕಿನವು ಎರಡು. ತಲೆಯ ಮೇಲೆ ಕಪ್ಪು ಪಟ್ಟೆಗಳಿದ್ದು ಕೊಕ್ಕು ತುದಿಯಲ್ಲಿ ಮಾತ್ರ ಬಾಗಿದ್ದರೆ ವಿಂಬ್ರೆಲ್. ತಲೆಯಲ್ಲಿ ಪಟ್ಟೆಯಿಲ್ಲದೆ, ಕುಡುಗೋಲಿನಂತೆ ನೀಳವಾಗಿ ಬಾಗಿದ್ದರೆ ಕರ್ಲ್ಯೂ. ಕರ್ಲ್ಯೂ ಆಳದ ಹುಳುವನ್ನು, ಏಡಿಯ ಬಿಲವನ್ನು ಮುಟ್ಟುತ್ತದೆ. ಅದೇ ಕೆಸರಿನ ಮೇಲ್ಪದರದಲ್ಲಿ ಗುಬ್ಬಿಗಾತ್ರದ ಲಿಟಲ್ ಸ್ಟಿಂಟ್ ಹೊಲಿಗೆ ಯಂತ್ರದಂತೆ ಕುಕ್ಕುತ್ತಿರುತ್ತದೆ. ಒಂದೇ ಕೆಸರನ್ನು ಬೇರೆ ಬೇರೆ ಜಾತಿಗಳು ಬೇರೆ ಬೇರೆ ಆಳಗಳಲ್ಲಿ ಹಂಚಿಕೊಂಡಿವೆ. ಆ ಹಂಚಿಕೆ ಕಣ್ಣಿಗೆ ಬಿದ್ದ ಮೇಲೆ ಹೆಸರುಗಳು ತಾವಾಗಿಯೇ ನೆನಪಿರುತ್ತವೆ.

ಬೆಳ್ಳಕ್ಕಿಗಳಲ್ಲಿ ಒಂದು ಎಚ್ಚರ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ ಚಿಕ್ಕ ಬೆಳ್ಳಕ್ಕಿಯದು. ಅದೇ ಗಾತ್ರದಲ್ಲಿ ಕೊಕ್ಕು ದಪ್ಪಗೆ, ಕಂದು-ಹಳದಿಯಾಗಿ, ತುಸು ಜೋತಂತಿದ್ದರೆ ರೀಫ್ ಹೆರಾನ್‌ನ ಬಿಳಿ ರೂಪ. ಅದರ ಕಪ್ಪು ರೂಪಕ್ಕೆ ಗಂಟಲು ಮಾತ್ರ ಬಿಳಿ, ಅದು ಯಾರನ್ನೂ ಮೋಸಗೊಳಿಸುವುದಿಲ್ಲ. ಕಾಂಡ್ಲಾ ಅಂಚಿನಲ್ಲಿ ಕರಿತಲೆ ಮಿಂಚುಳ್ಳಿಗಾಗಿ ಕಾಯಿರಿ, ನೇರಳೆ ಬೆನ್ನು, ಹವಳದ ಕೊಕ್ಕು. ಮತ್ತು ಇಡೀ ಗುಂಪು ಒಮ್ಮೆಲೇ ಎದ್ದರೆ ದುರ್ಬೀನನ್ನು ಗುಂಪಿನ ಮೇಲಿನ ಆಕಾಶಕ್ಕೆ ಎತ್ತಿ: ಪೆರೆಗ್ರಿನ್ ಫಾಲ್ಕನ್, ಮಾರ್ಷ್ ಹ್ಯಾರಿಯರ್, ಬಿಳಿಹೊಟ್ಟೆಯ ಕಡಲ ಹದ್ದು, ಇವುಗಳಲ್ಲಿ ಒಂದು ಅಲ್ಲಿರುತ್ತದೆ. ಗರುಡನಿಗೆ ಅವು ಸಾಮಾನ್ಯವಾಗಿ ಅಷ್ಟು ಹೆದರುವುದಿಲ್ಲ.

ಹೆಜ್ಜೆ 6: ಎಣಿಸುವುದು

ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಗುರುತು ಮಾಡಿಕೊಂಡು, ಅದೇ ಅಳತೆಯನ್ನು ಗುಂಪಿನ ಮೇಲೆ ಇಡುತ್ತಾ ಹೋಗಿ. ಗುಂಪು ದೊಡ್ಡದಾದರೆ ನೂರರ ಅಳತೆ ಮಾಡಿಕೊಳ್ಳಿ. ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ಎಣಿಸಿ, ಎರಡು ಲೆಕ್ಕಗಳಿಗೆ ತುಂಬ ಅಂತರವಿದ್ದರೆ ಮೂರನೆಯ ಬಾರಿ. ಇ-ಬರ್ಡ್‌ಗೆ (ಹಕ್ಕಿ ನೋಡಿದ ದಾಖಲೆಗಳನ್ನು ಸೇರಿಸುವ ಜಾಲತಾಣ) ಹಾಕುವಾಗ ಷರಾದಲ್ಲಿ ತಿಥಿ ಮತ್ತು ನೀರಿನ ಸ್ಥಿತಿ ಬರೆಯಿರಿ. "ಕರ್ಲ್ಯೂ 12" ಎಂಬುದಕ್ಕೂ "ಕರ್ಲ್ಯೂ 12, ಬಿದಿಗೆ, ಏರುನೀರು, ಮೂರನೆಯ ಗಂಟೆ" ಎಂಬುದಕ್ಕೂ ಮುಂದೆ ಓದುವವರಿಗೆ ಬಹಳ ವ್ಯತ್ಯಾಸವಿದೆ.

ಈ ಸಂಖ್ಯೆಗಳು ಬೇಕಾಗಿವೆ. 2024ರ ಅಕ್ಟೋಬರಿನಲ್ಲಿ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 16 ಜಾತಿಯ ವಲಸೆ ಕಡಲಂಚಿನ ಹಕ್ಕಿಗಳ ಸ್ಥಿತಿಯನ್ನು ಇನ್ನಷ್ಟು ಅಪಾಯದ ಹಂತಕ್ಕೆ ಏರಿಸಲಾಯಿತು. ಗ್ರೇ ಪ್ಲೋವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡೂ ಅದರಲ್ಲಿವೆ. ನಮ್ಮ ಕೆಸರಿನಲ್ಲಿ ಓಡಾಡುವ ಹಕ್ಕಿಗಳೇ ಅವು.

ಹೆಜ್ಜೆ 7: ತುಂಬು ಉಬ್ಬರದ ಹೊತ್ತು

ಕೆಸರು ಪೂರ್ತಿ ಮುಚ್ಚಿದ ಮೇಲೆ ಹಕ್ಕಿಗಳು ಗಜನಿ ಕಟ್ಟುಗಳ ಮೇಲೆ, ಮರಳದಿಣ್ಣೆಯ ತುದಿಯಲ್ಲಿ, ಉಪ್ಪಿನ ಆಗರಗಳ ಬದುಗಳಲ್ಲಿ ಸಾಲಾಗಿ ನಿಲ್ಲುತ್ತವೆ. ಸಾಣಿಕಟ್ಟಾದ ಆಗರಗಳಲ್ಲಿ ನೀರು ತೆಳ್ಳಗಿರುವುದರಿಂದ ಮೆಟ್ಟುಗಾಲು ಹಕ್ಕಿ (ಸ್ಟಿಲ್ಟ್), ಸಣ್ಣ ಪ್ಲೋವರ್‌ಗಳು ಅಲ್ಲಿ ಉಣ್ಣುವುದೂ ಉಂಟು. ಉಪ್ಪು ತೆಗೆಯುವ ಬೇಸಿಗೆಯಲ್ಲಿ ಅಪ್ಪಣೆಯಿಲ್ಲದೆ ಬದುಗಳ ಮೇಲೆ ಕಾಲಿಡಬೇಡಿ. ತುಳಿದು ಹದಗೊಳಿಸಿದ ಆಗರದ ನೆಲದ ಮೇಲೆ ಒಂದು ಬೂಟಿನ ಗುರುತು ಬಿದ್ದರೂ ಉಪ್ಪಿಗೆ ಮಣ್ಣು ಸೇರುತ್ತದೆ. ರಸ್ತೆಯ ಬದಿಯಿಂದಲೇ ಬೇಕಾದಷ್ಟು ಕಾಣುತ್ತದೆ.

ಎಣಿಸಲು ಇದೇ ಒಳ್ಳೆಯ ಹೊತ್ತು, ತೊಂದರೆ ಕೊಡಬಾರದ ಹೊತ್ತೂ ಇದೇ. ಸಾವಿರಾರು ಕಿಲೋಮೀಟರ್ ಹಾರಲು ಕೊಬ್ಬು ಕೂಡಿಡುತ್ತಿರುವ ಹಕ್ಕಿಯನ್ನು ಒಂದು ಚಿತ್ರಕ್ಕಾಗಿ ಎಬ್ಬಿಸಿದರೆ ಅದು ಕೂಡಿಟ್ಟದ್ದರಲ್ಲಿ ಒಂದಷ್ಟನ್ನು ಕಳೆದುಕೊಳ್ಳುತ್ತದೆ. ಮಲಗಿದ್ದ ಹಕ್ಕಿಗಳು ಕೊಕ್ಕನ್ನು ಬೆನ್ನಿನಿಂದ ತೆಗೆದು ತಲೆಯೆತ್ತಿದರೆ ನೀವು ಹತ್ತಿರ ಬಂದಿದ್ದೀರಿ ಎಂದು ಅರ್ಥ, ಅಲ್ಲಿಯೇ ನಿಲ್ಲಿ. ಎಲ್ಲವೂ ಒಂದೇ ಕಡೆಗೆ ಮುಖ ತಿರುಗಿಸಿ ನಡೆಯತೊಡಗಿದರೆ ಹಿಂದಕ್ಕೆ ಸರಿಯಿರಿ. ಡ್ರೋನ್ ಬೇಡ. ನಾಯಿ ಜೊತೆಗೆ ಬಂದರೆ ಊರಿನವರಿಗೆ ಹೇಳಿ ಹಿಂದಕ್ಕೆ ಕರೆಸಿ.

ತಾಳ್ಮೆಯಿದ್ದರೆ ಬುತ್ತಿ ಬಿಚ್ಚಿ ಅಲ್ಲಿಯೇ ಕಾಯಿರಿ. ತುದಿ ಮುಟ್ಟಿದ ನೀರು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತದೆ. ಆಮೇಲೆ ಕಾಂಡ್ಲಾದ ಬೇರುಗಳ ಮೇಲೆ ಒಂದು ಬೆರಳಿನಷ್ಟು ಒದ್ದೆ ಗೆರೆ ಕಾಣಿಸುತ್ತದೆ. ಅದನ್ನು ನೀವು ನೋಡುವ ಮುಂಚೆಯೇ ಸಾಲಿನ ತುದಿಯ ರೆಡ್‌ಶ್ಯಾಂಕ್ ಎದ್ದು, ಕೂಗುತ್ತಾ, ಇನ್ನೂ ನೀರಿನಡಿಯಲ್ಲಿರುವ ಕೆಸರಿನತ್ತ ಹಾರಿರುತ್ತದೆ.